ಹದಿನೇಳನೇ ನಂಬರಿನ ತವರು

"ಈ ಗಿಡ ನಿನಗೆಲ್ಲಿಂದ ಬಂತು, ಮುನಿತಾಯಮ್ಮ?"

ರಾಮಾಂಜಿನಪ್ಪ ಇದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದ. ಹಿತ್ತಲ ಚಪ್ಪಡಿಯ ಮೇಲೆ ಕೂತು ಹುಣಿಸೆಹಣ್ಣು ಕುಟ್ಟುತ್ತಿದ್ದ ಹೆಂಗಸು ಮೂರನೇ ಸಲವೂ ಬಾಯಿ ಬಿಡಲಿಲ್ಲ. ಸುತ್ತಿಗೆಯಿಂದ ಒಂದು ಪೆಟ್ಟು, ಬೀಜ ಆಚೆ, ಹಣ್ಣು ಈಚೆ. ಎದುರಿಗೆ ಪೊಲೀಸಿನವನೊಬ್ಬ ನಿಂತಿದ್ದಾನೆ ಅನ್ನುವುದು ಅವಳ ಕೈಗೆ ಗೊತ್ತಾದಂತೆಯೇ ಕಾಣಲಿಲ್ಲ.

ನಿಜ ಹೇಳಬೇಕೆಂದರೆ ಅವನು ಈಗ ಪೊಲೀಸಿನವನೂ ಅಲ್ಲ. ಸಬ್ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾಗಿ, ದೇವನಹಳ್ಳಿ ಕೋಟೆಯೊಳಗೊಂದು ಬಾಡಿಗೆ ಮನೆಯಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದವನನ್ನು ಓಸ್ಟರ್ವಿಕ್ ಬೀಜದ ಕಂಪನಿ ಹುಡುಕಿಕೊಂಡು ಬಂದಿತ್ತು. ಕಂಪನಿಯ ತೋಟ ಆವತಿಯ ಮಗ್ಗುಲಲ್ಲಿ, ಕಂಪನಿಯ ತಲೆ ಹಾಲೆಂಡಿನಲ್ಲಿ. ಕಳುವಾದದ್ದು ಚಿನ್ನವಲ್ಲ, ಬೆಳ್ಳಿಯಲ್ಲ, ಒಂದು ಟೊಮೇಟೊ ತಳಿ. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಹೆಸರಿಲ್ಲ, ಹದಿನೇಳನೇ ನಂಬರು ಅಂತ ಮಾತ್ರ.

ಆ ಹದಿನೇಳನೇ ನಂಬರು ಈಗ ಅವನ ಕಣ್ಣೆದುರಿಗೇ ಇತ್ತು. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನಾಲ್ಕು ಗಿಡ, ಸೊಂಟದೆತ್ತರ. ಮೊಟ್ಟೆಯಂಥ ಹಣ್ಣು, ತುದಿಯಲ್ಲಿ ಗಿಣಿಯ ಕೊಕ್ಕಿನ ಹಾಗೆ ಬಾಗಿದ ಚೂಪು. ಇಂಥ ಹಣ್ಣು ಭೂಮಿಯ ಮೇಲೆ ಎರಡೇ ಕಡೆ ಇರಬೇಕು ಎಂದು ತೋಟದ ಮ್ಯಾನೇಜರ್ ಸಂಪತ್ ಆಣೆ ಮಾಡಿ ಹೇಳಿದ್ದ. ಒಂದು ಹಾಲೆಂಡಿನ ಗಾಜಿನ ಮನೆ, ಇನ್ನೊಂದು ಆವತಿ ತೋಟದ ಬೀಗ ಹಾಕಿದ ಬೇಲಿ. ವಿಜಯಪುರದ ಸಂತೆಯಲ್ಲಿ ಅದೇ ಹಣ್ಣನ್ನು ಬುಟ್ಟಿ ತುಂಬ ಸುರಿದುಕೊಂಡು ಕೂತಿದ್ದ ಸೊಣ್ಣಮ್ಮ ಬಾಯಿಬಿಟ್ಟ ಹೆಸರು ಮುನಿತಾಯಮ್ಮನದು.

"ಮಾತಾಡಮ್ಮ. ನಾಳೆ ಬೆಳಿಗ್ಗೆ ಹಾಲೆಂಡಿನ ಸಾಹೇಬ ಬರ್ತಾನೆ. ನಾನು ರಿಪೋರ್ಟು ಕೊಡ್ಬೇಕು. ಅದರ ಮೇಲೆ ಅವರು ಸ್ಟೇಷನ್ನಿಗೆ ಕಂಪ್ಲೇಂಟು ಕೊಡ್ತಾರೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

"ಕೊಡ್ಲಿ ಬಿಡಿ ಸಾಮಿ."

"ಕಳ್ಳಿ ಅನ್ನಿಸ್ಕೊಂಡು ಈ ಊರಲ್ಲಿ ಹೆಂಗೆ ಬಾಳ್ತೀಯಾ?"

ಸುತ್ತಿಗೆ ನಿಂತಿತು. "ಈಗ ಹೆಂಗೆ ಬಾಳ್ತಾ ಇದ್ದೀನಿ? ನಾನು ಬಾವಿ ಹತ್ರ ಹೋಗೋ ಹೊತ್ಗೆ ಎಲ್ಲರ ಬಿಂದಿಗೆನೂ ತುಂಬೋಗಿರುತ್ತೆ. ಅರ್ಧ ತುಂಬಿದ್ನೂ ಎತ್ಕೊಂಡು ಹೋಗ್ಬಿಡ್ತಾರೆ."

ಹೇಳಿ ಮತ್ತೆ ಕುಟ್ಟತೊಡಗಿದಳು. ತೋಟದಲ್ಲಿ ನಲವತ್ತು ಹೆಂಗಸರಿಗೆ ಮೇಸ್ತ್ರಿಯಾಗಿದ್ದವಳು. ಹೂವಿನೊಳಗೆ ಚಿಮಟ ಹಾಕಿ ಕೇಸರ ಕೀಳುವುದನ್ನು ಅವರಿಗೆಲ್ಲ ಕಲಿಸಿದವಳೇ ಇವಳು. ಗಂಡ ಎಂದೋ ನೆಲಮಂಗಲದ ಕಡೆ ಲಾರಿ ಹತ್ತಿ ಹೋದವನು ಹೋದವನೇ. ಮಕ್ಕಳಿಲ್ಲ. ಆ ನಲವತ್ತು ಹೆಂಗಸರ ಗಲಾಟೆಯೇ ಇವಳ ಸಂಸಾರವಾಗಿತ್ತು. ಕಳ್ಳತನದ ಅನುಮಾನ ಬಿದ್ದ ಮೇಲೆ ಅದೂ ಹೋಗಿ, ಹಿತ್ತಲಲ್ಲಿ ಸುತ್ತಿಗೆಯ ಸದ್ದೊಂದೇ ಉಳಿದಿತ್ತು.

ರಾಮಾಂಜಿನಪ್ಪನಿಗೆ ಆ ಸದ್ದು ಗೊತ್ತು. ಹೆಂಡತಿ ವರಲಕ್ಷ್ಮಮ್ಮ ಹೋಗಿ ಮೂರು ವರ್ಷವಾದರೂ ಬಾಗಿಲಿಗೆ ಬೀಗ ಹಾಕುವಾಗ ಅವನು ಇವತ್ತಿಗೂ "ಬರ್ತೀನಿ ಕಣೇ" ಅನ್ನುತ್ತಾನೆ. ಅಂದು, ಪಕ್ಕದ ಮನೆಯವರು ಕೇಳಿಸಿಕೊಂಡರೇನೋ ಎಂದು ನಾಚಿಕೊಳ್ಳುತ್ತಾನೆ. ಈ ಕೇಸನ್ನು ಒಪ್ಪಿಕೊಂಡದ್ದು ಕೂಡ ಆ ಕಾರಣಕ್ಕೇ. ಕೇಸು ಇದ್ದರೆ ನಾಲ್ಕು ಜನ ಮಾತಾಡಲೇಬೇಕಾಗುತ್ತದೆ.

ಅವನು ಗಿಡದ ಬುಡಕ್ಕೆ ಬಾಗಿದ. ಸುಮ್ಮನೆ ಹೊತ್ತು ಕಳೆಯಲು ಬಾಗಿದ್ದು, ಆದರೆ ಕಣ್ಣು ಅಲ್ಲೇ ನಿಂತಿತು.

ಕಾಂಡ ಹೆಬ್ಬೆರಳ ದಪ್ಪ. ತೊಗಟೆ ಬಿರುಕು ಬಿಟ್ಟು ಕಟ್ಟಿಗೆಯಾಗಿತ್ತು. ಒಂದು ಸಲ ಬುಡಕ್ಕೆ ಕಡಿದು, ಅಲ್ಲಿಂದ ಮತ್ತೆ ಚಿಗುರಿಸಿದ ಗಿಡ. ಊರಿದ ಕೋಲಿಗೆ ಹೊಸ ಹುರಿ ಸುತ್ತಿತ್ತು. ಅದರ ಕೆಳಗೆ ಹಳೆಯ ಹುರಿ ಕೊಳೆತು ಕಪ್ಪಗೆ ಅಂಟಿಕೊಂಡಿತ್ತು.

ಆಗ ಸೊಣ್ಣಮ್ಮನ ಮಾತೊಂದು ನೆನಪಿಗೆ ಬಂತು. ಸಂತೆಯಲ್ಲಿ ಅವಳು ತೂಕ ಹಾಕುತ್ತ ಹೇಳಿದ್ದು. "ಗೌರಿ ಹಬ್ಬಕ್ಕೂ ಇದೇ ಹಣ್ಣು ಮಾರಿದ್ದೆ ಕಣಣ್ಣ, ಆಗ ಯಾರೂ ಕೇಳ್ಲಿಲ್ಲ." ವ್ಯಾಪಾರದ ಮಾತು ಅಂದುಕೊಂಡು ಅವನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹದಿನೇಳನೇ ನಂಬರಿನ ಬೀಜ ಹಾಲೆಂಡಿನಿಂದ ಮೊಹರು ಮಾಡಿದ ಡಬ್ಬಿಯಲ್ಲಿ ತೋಟಕ್ಕೆ ಬಂದದ್ದು ಹೋದ ದೀಪಾವಳಿಗೆ. ಗೌರಿ ಹಬ್ಬ ಬರುವುದು ದೀಪಾವಳಿಗೆ ಮುಂಚೆ. ಮಾಲು ಊರಿಗೆ ಬರುವ ಮುಂಚೆಯೇ ಕಳ್ಳಿಯ ಮನೆಯಲ್ಲಿತ್ತು ಅಂದರೆ ಅದೆಂಥ ಕಳ್ಳತನ? ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥ ಕೇಸನ್ನು ಅವನು ಕಂಡಿರಲಿಲ್ಲ.

"ಮುನಿತಾಯಮ್ಮ," ಅವನ ದನಿ ತಾನಾಗಿಯೇ ತಗ್ಗಿತು. "ಈ ಗಿಡ ದೀಪಾವಳಿಗಿಂತ ಮುಂಚೆನೇ ಇಲ್ಲಿತ್ತು. ಹೌದಾ?"

ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು. ಆಮೇಲೆ ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ಕೈಗೆ ಮೆತ್ತಿದ ಹುಣಿಸೆಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಬನ್ನಿ," ಎಂದಳು.

* * *

ತೋಟದ ಬೇಲಿಗೂ ಕೆರೆ ಏರಿಗೂ ನಡುವೆ ಮುತ್ಯಾಲಮ್ಮನ ಗುಡಿ. ಗುಡಿಯೆಂದರೆ ನಾಲ್ಕು ಚಪ್ಪಡಿ, ಒಂದು ತೊಲೆ, ಮುಂದೊಂದು ಜಗಲಿ, ಪಕ್ಕದಲ್ಲಿ ಬೇವಿನ ಮರ. ಮಂಗಳವಾರ ಬಿಟ್ಟರೆ ಯಾರೂ ಬರುವುದಿಲ್ಲ. ಉಳಿದ ದಿನ ದೀಪ ಹಚ್ಚುವವಳು ಮುನಿತಾಯಮ್ಮ ಒಬ್ಬಳೇ. ಯಾರೂ ಅವಳಿಗೆ ಹಚ್ಚು ಅಂದಿರಲಿಲ್ಲ.

"ಮೊದಲ ಫಸಲು ಅಮ್ಮಂಗೆ ಮೀಸಲು, ಸಾಮಿ," ಅವಳು ಜಗಲಿಯ ಮೇಲೆ ಕೂತು ಹೇಳಿದಳು. "ರಾಗಿ ಆಗ್ಲಿ, ಅವರೆ ಆಗ್ಲಿ, ಮೀಸಲು ತೆಗೆದಿಡದೆ ನಮ್ಮೋರು ಬೆಳೆಗೆ ಕೈ ಹಾಕಲ್ಲ. ಕಂಪನಿ ಬೆಳೆ ಅಂತ ಬಿಡೋಕಾಗುತ್ತಾ? ವರ್ಷಾವರ್ಷ ಗಂಡು ಸಾಲಿಂದೊಂದಿಷ್ಟು, ಹೆಣ್ಣು ಸಾಲಿಂದೊಂದಿಷ್ಟು. ಜೋಡೀಲಿ ಇಡ್ಬೇಕು."

ರಾಮಾಂಜಿನಪ್ಪ ಬೆಚ್ಚಿಬಿದ್ದ. ಗಂಡು ಸಾಲು ಅಂದರೆ ಏನೆಂದು ಅವನಿಗೆ ಈ ಹತ್ತು ದಿನದಲ್ಲಿ ಚೆನ್ನಾಗಿ ತಲೆಗೆ ಹತ್ತಿತ್ತು. ಮೊದಮೊದಲು ತೋಟದ ಕೆಲಸ ನೋಡಿ ಅವನಿಗೆ ನಗು ಬಂದಿತ್ತು. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಬೆರಳಿನಿಂದ ಹಚ್ಚುವುದು. ದುಂಬಿ, ಗಾಳಿ ಬಿಟ್ಟಿಯಾಗಿ ಮಾಡಿಕೊಡುವ ಕೆಲಸಕ್ಕೆ ನಲವತ್ತು ಹೆಂಗಸರು, ಒಬ್ಬ ಮ್ಯಾನೇಜರು, ಒಂದು ಜೀಪು. ಆದರೆ ಹಾಗೆ ಕೂಡಿಸಿದ ಬೀಜವೇ ಹಾಲೆಂಡಿಗೆ ಹೋಗಿ, ಅಲ್ಲಿಂದ ಡಬ್ಬಿಯಾಗಿ ಅಮೆರಿಕಕ್ಕೆ ಹೋಗುತ್ತಿತ್ತು. ತಂದೆ ಯಾರು ಅನ್ನುವುದೊಂದೇ ಕಂಪನಿಯ ಗುಟ್ಟು. ಅದಕ್ಕೇ ಗಂಡು ಸಾಲಿಗೆ ಬೇಲಿ, ಬೀಗ. ಅಲ್ಲಿ ಬಿಟ್ಟ ಹಣ್ಣನ್ನು ಒಂದೂ ಬಿಡದೆ ಸುಡಬೇಕೆಂದು ಕಟ್ಟಪ್ಪಣೆ.

"ಗಂಡು ಸಾಲಿನ ಹಣ್ಣು ಆಚೆ ತರಬಾರದು ಅಂತ ಕಂಪನಿ ರೂಲಿದೆ. ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ತಂದ್ಯಲ್ಲ."

"ಅಮ್ಮಂಗೆ ರೂಲು ಹೇಳೋರು ಯಾರು ಸಾಮಿ?"

ಗುಡಿಯ ಹಿಂದೆ ತಿಪ್ಪೆಯಿತ್ತು. ಬಾಡಿದ ಹೂವು, ಒಡೆದ ತೆಂಗಿನ ಚಿಪ್ಪು, ಕೊಳೆತ ಮೀಸಲು ಹಣ್ಣು ಎಲ್ಲ ಅಲ್ಲಿಗೆ. ತಾವಾಗಿಯೇ ಹುಟ್ಟಿದ ಹುಳಿ ಹುಳಿ ನಾಟಿ ಟೊಮೇಟೊ ಗಿಡಗಳೂ ಅಲ್ಲೇ ಬೆಳೆದಿದ್ದವು. ಒಂದು ವರ್ಷ ಅವುಗಳ ನಡುವೆ ಬೇರೆಯದೇ ಒಂದು ಗಿಡ ತಲೆಯೆತ್ತಿತು ಎಂದಳು ಮುನಿತಾಯಮ್ಮ. ಹಣ್ಣು ಕಂಪನಿಯದರ ಹಾಗೆ ದಪ್ಪ, ರುಚಿ ನಾಟಿಯ ಹಾಗೆ ಹುಳಿ, ತುದಿಯ ಕೊಕ್ಕು ಮಾತ್ರ ಎರಡರಲ್ಲೂ ಇಲ್ಲದ್ದು.

"ಆ ವರ್ಷನೇ ತೋಟಕ್ಕೆ ಸೊರಗು ರೋಗ ಬಂದದ್ದು. ಕಂಪನಿ ಸಾಲೆಲ್ಲ ಬಿಸಿನೀರು ಹುಯ್ದಂಗೆ ಮಲಿಕ್ಕೊಂಡ್ಬಿಟ್ಟೋ. ಇದೊಂದು ನೆಟ್ಟಗೆ ನಿಂತಿತ್ತು. ಅಮ್ಮನ ಗಿಡ ಅಂದ್ಕೊಂಡು ದಿನಾ ಒಂದು ಚೊಂಬು ನೀರು ಹಾಕ್ದೆ. ಮಾತಾಡ್ಸೋಕೆ ಒಂದು ಗಿಡ ಆಯ್ತು. ಅದು ಒಣಗಿದ್ಮೇಲೆ ಬೀಜ ತಗೊಂಡೋಗಿ ಹಿತ್ಲಲ್ಲಿ ಹಾಕ್ದೆ. ಅಷ್ಟೇ ಸಾಮಿ ನನ್ನ ಕಳ್ಳತನ."

ಹದಿನೇಳನೇ ನಂಬರನ್ನು ಸಂಪತ್ ಹೊಗಳಿದ್ದೆಲ್ಲ ಒಂದೇ ಗುಣಕ್ಕೆ. ಸೊರಗು ರೋಗ ಅದನ್ನು ಮುಟ್ಟುವುದಿಲ್ಲ.

"ಇದನ್ನ ಮೊದಲ ದಿನಾನೇ ಯಾಕೆ ಹೇಳ್ಲಿಲ್ಲ?"

"ಮೀಸಲು ಇಟ್ಟೋಳು ನಾನೊಬ್ಳೇನಾ? ನಲವತ್ತು ಜನಾನೂ ಇಟ್ಟವ್ರೆ. ಹೇಳಿದ್ರೆ ಅಷ್ಟೂ ಜನರ ಅನ್ನ ಹೋಗುತ್ತೆ."

"ಅವರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆ."

"ಅವರಿಗೆ ಮಕ್ಕಳವ್ರೆ ಸಾಮಿ. ನಂಗ್ಯಾರಿದ್ದಾರೆ? ನಾನು ಜೈಲಿಗೋದ್ರೆ ಕೋಳಿ ಕೂಡ ಕೂಗಲ್ಲ."

ಅವಳು ಇದನ್ನು ಅಳುತ್ತ ಹೇಳಿದ್ದರೆ ರಾಮಾಂಜಿನಪ್ಪನಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ಪೇಟೆಯ ಧಾರಣೆ ಹೇಳುವವರ ಹಾಗೆ ಹೇಳಿದಳು. ಅವನು ಮೇಲೆ ನೋಡಿದ.

ತೊಲೆಗೆ ಒಂದು ಸರ ನೇತುಬಿದ್ದಿತ್ತು.

ಒಣಗಿದ ಹಣ್ಣುಗಳ ಸರ. ಬೂದಿ ಹಚ್ಚಿ, ಧೂಪದ ಹೊಗೆಗೆ ಕಪ್ಪಾಗಿ, ಮುದುಕರ ಮುಖದ ಹಾಗೆ ಸುಕ್ಕುಗಟ್ಟಿದ ಹಣ್ಣು. ಆದರೂ ಅರ್ಧಕ್ಕರ್ಧ ಹಣ್ಣುಗಳ ತುದಿಯಲ್ಲಿ ಆ ಕೊಕ್ಕು ಸ್ಪಷ್ಟವಾಗಿ ಕಾಣುತ್ತಿತ್ತು.

"ಅದು ಯಾವಾಗಿಂದು?"

"ಹೋದ ಯುಗಾದೀದು. ಯುಗಾದಿಗೆ ಹೊಸ ಸರ ಕಟ್ತೀವಿ, ಹಳೇದನ್ನ ಕೆರೇಲಿ ಬಿಡ್ತೀವಿ."

ಹೋದ ಯುಗಾದಿ! ಡಬ್ಬಿ ಬರುವುದಕ್ಕೆ ಎಷ್ಟೋ ತಿಂಗಳು ಮುಂಚೆ. ಆದರೆ ಅವಳ ಬಾಯಿಮಾತನ್ನು ಯಾರು ನಂಬುತ್ತಾರೆ? ರಾಮಾಂಜಿನಪ್ಪ ಜಗಲಿ ಹತ್ತಿ ಕತ್ತು ಚಾಚಿದ. ಹಣ್ಣುಗಳನ್ನು ಪೋಣಿಸಿದ್ದು ದಾರದಿಂದಲ್ಲ, ಹರಿದ ಬಟ್ಟೆಯ ಪಟ್ಟಿಯಿಂದ. ಆಯುಧಪೂಜೆಗೆ ಕಂಪನಿ ಆಳುಗಳಿಗೆಲ್ಲ ಒಂದೊಂದು ಟವಲು ಹಂಚುತ್ತದೆ. ಅಂಚಿನಲ್ಲಿ ಕಂಪನಿಯ ಹೆಸರು, ಆ ವರ್ಷದ ಇಸವಿ. ಪಟ್ಟಿಯ ಕೊನೆಯಲ್ಲಿ, ಗಂಟಿನ ಕೆಳಗೆ, ನೀಲಿ ಮಸಿಯಲ್ಲಿ ಎದ್ದು ಕಾಣುವಂತೆ ಅಚ್ಚಾಗಿತ್ತು: ಓಸ್ಟರ್ವಿಕ್, ೧೯೭೨.

ಈಗ ನಡೆಯುತ್ತಿರುವುದು ಎಪ್ಪತ್ತನಾಲ್ಕು, ಯುಗಾದಿಗೆ ಇನ್ನೂ ದಿನವಿತ್ತು. ಡಬ್ಬಿ ಬಂದದ್ದು ಎಪ್ಪತ್ತಮೂರರ ದೀಪಾವಳಿಗೆ. ಹಳೆಯ ಟವಲಿಗೆ ಹೊಸ ಹಣ್ಣು ಕಟ್ಟಿದರು ಅನ್ನುವಂತೆಯೂ ಇರಲಿಲ್ಲ, ಗಂಟಿನ ಮೇಲೂ ವರ್ಷದ ಹೊಗೆ ಕೂತಿತ್ತು.

ಅವನಿಗೆ ಆ ಸರವನ್ನು ಅಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವ ಆಸೆಯಾಯಿತು. ಕೈ ಮುಂದೆ ಹೋಗಿ ಹಿಂದೆ ಬಂತು. ತಾನೇ ಬಿಚ್ಚಿದರೆ, ಇದನ್ನು ಮನೆಯಲ್ಲಿ ಕೂತು ಪೋಣಿಸಿಕೊಂಡು ಬಂದ ಎಂದು ಕಂಪನಿಯ ವಕೀಲ ಹಲ್ಲು ಕಿರಿಯುತ್ತಾನೆ. ಪಂಚರು ಬರಬೇಕು, ನೇತಾಡುತ್ತಿರುವುದನ್ನು ಅವರ ಕಣ್ಣಾರೆ ನೋಡಬೇಕು, ಮಹಜರಾಗಬೇಕು. ಅಲ್ಲಿಯವರೆಗೆ ಅದು ಇದ್ದಲ್ಲೇ ಇರಬೇಕು.

"ಈ ಹಣ್ಣನ್ನ ಬೇರೆ ಯಾರಿಗಾದ್ರೂ ಕೊಟ್ಟಿದ್ದೀಯಾ?"

"ಬಂದೋರಿಗೆಲ್ಲ ಕೊಟ್ಟಿದ್ದೀನಿ. ಗುಡಿಗೆ ಬಂದು ಕೇಳಿದೋರನ್ನ ಬರೀ ಕೈಲಿ ಕಳಿಸ್ಬಾರ್ದು. ಒಂದ್ಸಲ ಬೇಸಿಗೇಲಿ ಕೆರೆ ಹಕ್ಕಿ ನೋಡೋಕೆ ಅಂತ ಒಬ್ಬ..."

"ಅದಿರ್ಲಿ ಬಿಡು," ಅಂದ ರಾಮಾಂಜಿನಪ್ಪ. ಅವನ ಮನಸ್ಸು ಆಗಲೇ ಪಂಚರನ್ನು ಹುಡುಕಿಕೊಂಡು ಊರೊಳಗೆ ಹೋಗಿತ್ತು. "ನಾನು ಈಗ ಬಂದ್ಬಿಡ್ತೀನಿ. ಅಲ್ಲೀವರೆಗೂ ಯಾರನ್ನೂ ಇಲ್ಲಿಗೆ ಬಿಡ್ಬೇಡ."

"ಅಮ್ಮನ ಬಾಗಿಲು ತಡಿಯೋಕೆ ನಾನ್ಯಾರು ಸಾಮಿ?"

"ಸರಿ, ಸರಿ. ಇಲ್ಲೇ ಕೂತಿರು."

ಯಾಕೆ ಎಂದು ಅವನು ಹೇಳಲಿಲ್ಲ. ಸಾಕ್ಷಿಯ ಬೆಲೆಯನ್ನು ಸಾಕ್ಷಿದಾರರಿಗೆ ಹೇಳಬಾರದು ಅನ್ನುವುದು ಅವನಿಗೆ ರಕ್ತಗತವಾದ ಪೊಲೀಸ್ ಬುದ್ಧಿ. ಸೈಕಲ್ ಸ್ಟ್ಯಾಂಡ್ ತೆಗೆಯುತ್ತಿದ್ದಾಗ ಅವಳು ಹಿಂದಿನಿಂದ ಕೇಳಿದಳು.

"ಸಾಮಿ, ಊಟ ಆಯ್ತಾ?"

ಅವನ ಕಾಲು ಪೆಡಲಿನ ಮೇಲೆಯೇ ನಿಂತಿತು. ಆ ಮಾತನ್ನು ಯಾರಾದರೂ ಅವನನ್ನು ಕೇಳಿ ಯಾವ ಕಾಲವಾಗಿತ್ತೋ. "ಆಯ್ತಮ್ಮ," ಎಂದು ಸುಳ್ಳು ಹೇಳಿ ಸೈಕಲ್ ತುಳಿದ.

* * *

ಪಟೇಲ ಅಪ್ಪಯ್ಯಣ್ಣ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದ. ಸ್ನಾನ ಮುಗಿಸಿ, ಇನ್ನೊಬ್ಬರನ್ನೂ ಕರೆದುಕೊಂಡು ಗುಡಿ ಹತ್ತಿರ ಬರುತ್ತೇನೆ ಎಂದ. ಆ ಹೊತ್ತನ್ನು ರಾಮಾಂಜಿನಪ್ಪ ಸುಮ್ಮನೆ ಕಳೆಯಲಾರದೆ ತೋಟದ ಆಫೀಸಿನ ಕಡೆ ಸೈಕಲ್ ತಿರುಗಿಸಿದ. ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಸಂಪತ್ ಮೇಜಿನ ಮೇಲೆ ಬಲ್ಬು ಉರಿಸಿ, ಅದರ ಶಾಖಕ್ಕೆ ಹೂವಿನ ಪುಡಿ ಒಣಗಿಸುತ್ತಿದ್ದ. ಮೂವತ್ತೈದರ ಆಸುಪಾಸಿನ ಮನುಷ್ಯ, ಇಸ್ತ್ರಿ ಮುರಿಯದ ಷರ್ಟು. ಸಾಹೇಬ ಬರುವ ದಿನ ಹತ್ತಿರವಾದಷ್ಟೂ ಅವನ ಷರ್ಟು ಬೆಳ್ಳಗಾಗುತ್ತಿತ್ತು.

"ಸಂಪತ್ ಅವರೇ, ಈ ಹದಿನೇಳನೇ ನಂಬರಿನ ತವರು ಯಾವುದು?"

"ತವರಾ?" ಸಂಪತ್ ನಕ್ಕ. "ಹಾಲೆಂಡ್, ಇನ್ನೆಲ್ಲಿ?"

"ಹಾಲೆಂಡಿಗೆ ಎಲ್ಲಿಂದ ಬಂತು?"

"ಅದು ಅವರ ಸಂಶೋಧನೆ ಸಾರ್. ಅಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಇದಕ್ಕೇ ಅಂತ ಕೂತಿದ್ದಾರೆ. ಬುದ್ಧಿ ಅಲ್ಲಿಂದ ಬರುತ್ತೆ, ಕೆಲಸ ಇಲ್ಲಾಗುತ್ತೆ. ಇಲ್ಲಿನ ಹೆಂಗಸರ ಬೆರಳು ಸಣ್ಣ, ಕೂಲಿ ಕಮ್ಮಿ. ಬೀಜ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಜಗತ್ತಿಗೆ. ಹೀಗೆ ಸುತ್ತುತ್ತೆ ವ್ಯಾಪಾರ."

"ಇಲ್ಲಿಂದ ಬುದ್ಧಿ ಏನೂ ಹೋಗಲ್ವಾ?"

"ಆವತಿಯಿಂದಾ?"

ರಾಮಾಂಜಿನಪ್ಪ ಕುರ್ಚಿ ಎಳೆದುಕೊಂಡು ಕೂತ. "ತೋಟಕ್ಕೆ ಸೊರಗು ಬಂದ ವರ್ಷ ಹಾಲೆಂಡಿಗೆ ಏನಂತ ಬರೆದ್ರಿ?"

"ಬೆಳೆ ಪೂರ್ತಿ ಹೋಯ್ತು ಅಂತ."

"ಒಂದೂ ಗಿಡ ಉಳೀಲಿಲ್ಲ ಅಂತಾನಾ?"

ಸಂಪತ್ ಕೈ ಪುಡಿಯ ಬಟ್ಟಲಿನ ಮೇಲೆ ನಿಂತಿತು. ರಾಮಾಂಜಿನಪ್ಪ ಕಾದ. ಕಾಯುವುದೊಂದೇ ಅವನಿಗೆ ಚೆನ್ನಾಗಿ ಬರುವ ವಿದ್ಯೆ. ಕೊನೆಗೆ ಸಂಪತ್ ಬಲ್ಬು ಆರಿಸಿದ.

"ಗುಡಿ ಹಿಂದೆ ಒಂದು ಉಳಿದಿತ್ತು. ಅದನ್ನೂ ಬರೆದಿದ್ದೆ. ಒಂದೇ ಒಂದು ಮಾತು, ತಮಾಷೆಗೆ. ನಿಮ್ಮ ತಳಿಗಳೆಲ್ಲ ಸತ್ತರೂ ಹಳ್ಳಿ ದೇವತೆಯ ತಿಪ್ಪೆ ಮೇಲಿನ ಗಿಡ ನಗ್ತಾ ನಿಂತಿದೆ ಅಂತ."

"ಏನಂದ್ರು ಅವರು?"

"ಏನೂ ಅನ್ನಲಿಲ್ಲ. ಆ ಮಾತಿಗೆ ಉತ್ತರಾನೇ ಬರಲಿಲ್ಲ. ಹೋದ ದೀಪಾವಳಿಗೆ ಹದಿನೇಳು ಬಂತು."

"ಅದರ ಕೊಕ್ಕು ನೋಡಿದಾಗ ನಿಮಗೇನೂ ಅನ್ನಿಸಲಿಲ್ವಾ?"

ಸಂಪತ್ ಕಿಟಕಿಯ ಆಚೆ ನೋಡಿದ. "ಅನ್ನಿಸ್ತು. ಆದರೆ ಸಾರ್, ನಾನೂ ಅವರ ಸಂಬಳ ತಿನ್ನೋನು. ನಿಮ್ಮ ನಂಬರು ನಮ್ಮ ತಿಪ್ಪೇದು ಅಂತ ಯಾವ ಬಾಯಲ್ಲಿ ಹೇಳಲಿ? ನಾಳೆ ಬೆಳಿಗ್ಗೆ ಬೇರೆ ಮ್ಯಾನೇಜರು ಈ ಕುರ್ಚೀಲಿ ಕೂತಿರ್ತಾನೆ."

"ಅದಕ್ಕೆ ಅವಳನ್ನ ಕಳ್ಳಿ ಮಾಡಿದ್ರಿ."

"ನಾನು ಅನುಮಾನ ಅಂತ ಅಷ್ಟೇ ಬರೆದದ್ದು."

"ಒಂಟಿ ಹೆಂಗಸಿನ ಮೇಲೆ ಅನುಮಾನ ಅಂತ ಬರೆದ್ರೆ ಊರು ಅದನ್ನ ಏನಂತ ಓದುತ್ತೆ ಗೊತ್ತಾ ನಿಮಗೆ?" ರಾಮಾಂಜಿನಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಪೊಲೀಸ್ ಬಟ್ಟೆಯಲ್ಲಿದ್ದಾಗ ಇಂಥ ಕಡೆ ಲಾಠಿಯಿಂದ ಮೇಜು ಕುಟ್ಟುತ್ತಿದ್ದ. ಈಗ ಕೈಯಲ್ಲಿ ಸೈಕಲ್ಲಿನ ಬೀಗದ ಕೈ ಮಾತ್ರ ಇತ್ತು. "ಇರ್ಲಿ. ನನ್ನ ಹತ್ರ ಸಾಕ್ಷಿ ಇದೆ. ಕಂಪನಿಯ ಮುದ್ರೆಯೇ ಇರೋ ಸಾಕ್ಷಿ. ನಾಳೆ ಸಾಹೇಬ ಬಂದ ತಕ್ಷಣ ಅವನ ಮುಂದೆನೇ ಇಡ್ತೀನಿ."

"ನಾಳೆಯಾ?" ಸಂಪತ್ ಕಣ್ಣರಳಿಸಿದ. "ಸಾಹೇಬರು ಬಂದಾಯ್ತಲ್ಲ ಸಾರ್. ಮಧ್ಯಾಹ್ನವೇ ಬಂದ್ರು. ಬೇರೆ ವಿಮಾನ ಸಿಕ್ತಂತೆ. ಕಾಫಿ ಕುಡಿದು, ಹಾಗೇ ಅಡ್ಡಾಡಿ ಬರ್ತೀನಿ ಅಂತ ಹೊರಟ್ರು. ಜೀಪು ಬೇಡ, ಜೊತೆಗೂ ಯಾರೂ ಬೇಡ ಅಂದ್ರು."

"ಇಂಡಿಯಾಕ್ಕೆ ಬರ್ತಿರೋದು ಇದೇ ಮೊದಲು ಅಂದಿದ್ರಿ."

"ಹೌದು, ಇದೇ ಮೊದಲು. ಅವರೇ ಹೇಳಿದ್ರು."

"ಯಾವ ಕಡೆ ಹೋದ್ರು?"

ಸಂಪತ್ ಕಿಟಕಿಯಿಂದ ಬೆರಳು ತೋರಿಸಿದ. ಪಂಪ್‌ಹೌಸಿನ ಹಿಂದೆ, ಲಂಟಾನ ಪೊದೆಯೊಳಗಿನ ಕಿಂಡಿ. ಅಲ್ಲಿಂದ ಕಾಲುವೆ ದಾಟಿದರೆ ನೆಟ್ಟಗೆ ಗುಡಿ. ರಾಮಾಂಜಿನಪ್ಪನಂಥ ರಾಮಾಂಜಿನಪ್ಪನ ಕಣ್ಣಿಗೂ ಆ ಕಿಂಡಿ ಬಿದ್ದದ್ದು ಹೋದ ವಾರ.

"ಆ ದಾರಿ ಅವರಿಗೆ ಯಾರು ತೋರಿಸಿದ್ರು?"

"ಯಾರೂ ತೋರಿಸ್ಲಿಲ್ಲ. ಅವರೇ..." ಸಂಪತ್ ಮಾತು ಅರ್ಧಕ್ಕೆ ನಿಂತಿತು. ಬಾಯಿ ಮುಚ್ಚಲು ಮಾತ್ರ ಮರೆತುಹೋಯಿತು.

ರಾಮಾಂಜಿನಪ್ಪ ಆಗಲೇ ಬಾಗಿಲು ದಾಟಿದ್ದ. ಒಂದ್ಸಲ ಬೇಸಿಗೇಲಿ ಕೆರೆ ಹಕ್ಕಿ ನೋಡೋಕೆ ಅಂತ ಒಬ್ಬ. ಆ ಒಬ್ಬ ಯಾರೆಂದು ಕೇಳುವಷ್ಟು ವ್ಯವಧಾನ ತನಗಿರಲಿಲ್ಲ!

* * *

ಸೈಕಲ್ಲನ್ನು ಅಲ್ಲೇ ಬಿಟ್ಟು ಅವನು ಕಿಂಡಿಯಲ್ಲಿ ನುಸುಳಿದ. ಮುಳ್ಳು ಷರ್ಟಿಗೆ ಸಿಕ್ಕಿ ಪರಕ್ಕೆಂದಿತು. ಕಾಲುವೆಯಲ್ಲಿ ಒಂದು ಕಾಲು ಜಾರಿ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಐವತ್ತೆಂಟರ ದೇಹ ಓಡು ಅಂದರೆ ಓಡುತ್ತದೆಯೇ? ಏದುಸಿರು ಬಿಡುತ್ತ ಬದುವಿನ ಮೇಲೆ ಬಂದಾಗ ಗುಡಿ ಕಣ್ಣಿಗೆ ಬಿತ್ತು.

ಬೇವಿನ ಮರದ ಬುಡದಲ್ಲಿ ಒಂದು ಜೊತೆ ದಪ್ಪ ಬೂಟು. ಬಿಚ್ಚಿ, ಒಂದರ ಪಕ್ಕ ಒಂದು ಒಪ್ಪವಾಗಿ ಇಟ್ಟದ್ದು. ಜಗಲಿಯ ಮೇಲೆ ಬಿಳಿಯನೊಬ್ಬ, ಮೊಣಕಾಲ ಮೇಲೆ ಟೋಪಿ, ಪಕ್ಕದಲ್ಲಿ ಕ್ಯಾನ್ವಾಸಿನ ಚೀಲ. ಎದುರಿಗೆ ಮುನಿತಾಯಮ್ಮ.

ಅವಳು ನಗುತ್ತಿದ್ದಳು.

ಈ ಹತ್ತು ದಿನದಲ್ಲಿ ಅವಳ ಹಲ್ಲು ಹೇಗಿದೆಯೆಂದು ಕೂಡ ರಾಮಾಂಜಿನಪ್ಪ ನೋಡಿರಲಿಲ್ಲ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿಕೊಂಡು ನಗುತ್ತಿದ್ದಳು. ಅವನು ಕೈಸನ್ನೆಯಿಂದ ಏನೋ ಹೇಳುತ್ತಿದ್ದ. ಹಾರುವ ಹಕ್ಕಿಯಿರಬೇಕು. ಅವಳೂ ಕೈ ಬೀಸಿ ಉತ್ತರ ಕೊಟ್ಟಳು. ಊರೇ ಮಾತು ಬಿಟ್ಟ ಹೆಂಗಸಿನ ಜೊತೆ, ಭಾಷೆ ಬಾರದವನೊಬ್ಬ ಕೂತು ಮಾತಾಡುತ್ತಿದ್ದ.

ಆಮೇಲೆ ಅವನು ಎರಡೂ ಕೈ ಮುಗಿದ. ತಲೆಯೆತ್ತಿ ತೊಲೆಯ ಕಡೆ ನೋಡಿದ.

"ಬೇಡ! ಮುನಿತಾಯಮ್ಮ, ಬೇಡ!"

ಕೂಗಿದನೇನೋ ನಿಜ. ಗಾಳಿ ಕೆರೆಯ ಕಡೆಯಿಂದ ಎದುರಿಗೆ ಬೀಸುತ್ತಿತ್ತು. ಅವನ ಕೂಗು ಅವನ ಬೆನ್ನ ಹಿಂದೆಯೇ ಹೋಯಿತು. ಮುನಿತಾಯಮ್ಮ ಜಗಲಿಯ ಮೇಲೆ ನಿಂತು, ಕಾಲ್ಬೆರಳ ಮೇಲೆ ನಿಗುರಿ, ಗಂಟು ಬಿಚ್ಚಿದಳು. ಸರವನ್ನು ಅಮ್ಮನ ಪಾದಕ್ಕೆ ಮುಟ್ಟಿಸಿ, ಮೇಲೆ ಒಂದು ಚಿಟಿಕೆ ಕುಂಕುಮ ಹಾಕಿ, ಎರಡು ಕೈಯಿಂದ ಅವನ ಬೊಗಸೆಗೆ ಇಟ್ಟಳು. ಬೀಜ, ಕೊಕ್ಕು, ನೀಲಿ ಮಸಿಯ ಇಸವಿ, ಅವಳನ್ನು ಉಳಿಸಬಹುದಾಗಿದ್ದ ಅಷ್ಟೂ ಒಟ್ಟಿಗೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದ.

ರಾಮಾಂಜಿನಪ್ಪ ಒಂದು ಕಾಲಿನ ಚಪ್ಪಲಿಯಲ್ಲಿ ಗುಡಿಯ ಮುಂದೆ ಬಂದು ನಿಂತಾಗ ಸಾಹೇಬ ಬೂಟಿನ ದಾರ ಕಟ್ಟುತ್ತಿದ್ದ. ಮುನಿತಾಯಮ್ಮನ ಮುಖ ಹಬ್ಬದ ದಿನದ ಹಾಗಿತ್ತು.

"ಸಾಮಿ, ಆಗ್ಲೇ ಹೇಳೋಕೆ ಬಂದ್ನಲ್ಲ, ನೀವು ಅದಿರ್ಲಿ ಅಂದ್ರಿ. ಆ ಬೇಸಿಗೇಲಿ ಬಂದಿದ್ದೋರು ಇವ್ರೇ. ನೀರು ಕೇಳಿದ್ರು, ಹಣ್ಣು ಕೊಟ್ಟಿದ್ದೆ. ನನ್ನ ಹೆಸರು ನೆನಪಿಟ್ಕೊಂಡವ್ರೆ ಸಾಮಿ! ಬಂದ ತಕ್ಷಣ ಮುನಿತಾಯಮ್ಮ ಅಂದ್ರು!"

ಇವನೇ ನಿನ್ನನ್ನು ಜೈಲಿಗೆ ಕಳಿಸಲು ಬಂದ ಸಾಹೇಬ ಎಂದು ಆ ಮುಖಕ್ಕೆ ಹೇಳುವುದು ಹೇಗೆ?

ಏರಿಯ ಮೇಲಿಂದ ಕೆಮ್ಮಿನ ಸದ್ದು ಕೇಳಿಸಿತು. ಪಟೇಲ ಅಪ್ಪಯ್ಯಣ್ಣ ಒದ್ದೆ ತಲೆಗೆ ಟವಲು ಸುತ್ತಿಕೊಂಡು, ಜೊತೆಗೊಬ್ಬ ಮುದುಕನನ್ನು ಕರೆದುಕೊಂಡು ಇಳಿದು ಬಂದ. ತೊಲೆಯ ಕಡೆ ನೋಡಿದ, ಗುಡಿಯ ಒಳಗೆ ಇಣುಕಿದ.

"ಎಲ್ಲಪ್ಪಾ ರಾಮಾಂಜಿನಪ್ಪ, ಸರ ನೋಡ್ಬೇಕು ಅಂದ್ಯಲ್ಲ?"

ಉತ್ತರ ಕೊಟ್ಟವಳು ಮುನಿತಾಯಮ್ಮ.

"ಇವ್ರಿಗೆ ಕೊಟ್ಬಿಟ್ಟೆ ಕಣಣ್ಣ. ಅಷ್ಟು ದೂರದಿಂದ ನನ್ನ ನೋಡೋಕೆ ಅಂತ ಬಂದವ್ರೆ. ಬರೀ ಕೈಲಿ ಕಳ್ಸೋಕಾಗುತ್ತಾ?"

ಸಾಹೇಬ ಚೀಲದ ಬಾಯಿ ಬಿಗಿದು ಹೆಗಲಿಗೆ ಹಾಕಿಕೊಂಡ. ರಾಮಾಂಜಿನಪ್ಪನನ್ನು ಕೆಸರಿನ ಕಾಲಿನಿಂದ ಹರಿದ ಷರ್ಟಿನವರೆಗೆ ಒಮ್ಮೆ ನೋಡಿ, ನಗುತ್ತ ಕೈ ಮುಂದೆ ಚಾಚಿ, ಕಳ್ಳರು ಯಾರೆಂದು ಪತ್ತೆಯಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ.